ಅಂಕ ಪೂರ್ತಿ ಬಂತು, ಅಜ್ಜ ಅಪಾಯದಲ್ಲಿ

ಪ್ರಶ್ನೆ: ಹೈವೇ ಬೈಕ್ ಅಪಘಾತ, ಗೋವಿನಜೋಳದ ಸುಗ್ಗಿಯಲ್ಲಿ ಟ್ರೇಲರ್ ಮೇಲಿಂದ ಬಿದ್ದವರು, ನಮಗೆ ಸಿಗುವ ಕೇಸುಗಳು ಇಂಥವೇ. ತರಬೇತಿಯಲ್ಲಿ ಗಾಯಾಳುವಿನ ಸ್ಥಿತಿ ಅಳೆಯಲು ಸ್ಟಾರ್ಟ್, ಆರ್‌ಟಿಎಸ್, ಗ್ಯಾಪ್ ಎಂದು ಹಲವು ಪಟ್ಟಿ ಕಲಿಸಿದ್ದಾರೆ. ಯಾರನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಇಳಿಸಬೇಕು, ಯಾರನ್ನು ನೇರ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು?
– ಆಂಬುಲೆನ್ಸ್ ಸಿಬ್ಬಂದಿ, ಶಿಗ್ಗಾವಿ

ಉತ್ತರ: ಸ್ಟಾರ್ಟ್ ಬದಿಗಿಡಿ. ಬಸ್ಸು ಉರುಳಿ ಇಪ್ಪತ್ತು ಜನ ಬಿದ್ದಾಗ ಯಾರನ್ನು ಮೊದಲು ಎತ್ತಬೇಕು ಎನ್ನುವುದಕ್ಕೆ ಅದು. ಒಬ್ಬನೇ ಗಾಯಾಳುವನ್ನು ಎಲ್ಲಿಗೆ ಒಯ್ಯಬೇಕೆಂದು ಅದು ಹೇಳುವುದಿಲ್ಲ.

ಉಳಿದ ಪಟ್ಟಿಗಳನ್ನು ಒಬ್ಬರೇ ರೋಗಿಗೆ ಹಚ್ಚಿ ನೋಡಿ. ಟ್ರೇಲರಿನಿಂದ ಬಿದ್ದ 68ರ ಅಜ್ಜ. ಎಚ್ಚರ ಅಳೆಯುವ ಗ್ಲಾಸ್ಗೋ ಅಂಕ ಪೂರ್ತಿ 15, ಉಸಿರು ನಿಮಿಷಕ್ಕೆ 22, ಮೇಲಿನ ಬಿಪಿ 104, ನಾಡಿ 112. ಆರ್‌ಟಿಎಸ್‌ನ ಸರಳ ಎಣಿಕೆಯಲ್ಲಿ ಎಚ್ಚರ, ಬಿಪಿ, ಉಸಿರು ಮೂರಕ್ಕೂ ತಲಾ 4, ಅಂದರೆ 12ಕ್ಕೆ 12! ಗ್ಯಾಪ್‌ನಲ್ಲಿ ಎಚ್ಚರಕ್ಕೆ 15, ಬಿಪಿಗೆ 4, ವಯಸ್ಸು 60 ದಾಟಿದ್ದಕ್ಕೆ ಸೊನ್ನೆ. ಒಟ್ಟು 19, ಅಂಚಿನಲ್ಲಿದ್ದರೂ ಕಡಿಮೆ ಅಪಾಯದ ಗುಂಪೇ. ಎರಡೂ ನಾಡಿಯನ್ನು ಕೇಳುವುದೇ ಇಲ್ಲ. ಆರ್‌ಟಿಎಸ್‌ಗೆ ಬಿಪಿ 89 ದಾಟಿದರೆ ಸಾಕು. ದಿನಾ 150 ಇರುವ ಅಜ್ಜನಿಗೆ 104 ಎಂದರೆ ಆಗಲೇ ಕುಸಿದಂತೆ.

ಅಮೆರಿಕದ 2021ರ ಫೀಲ್ಡ್ ಟ್ರಯಾಜ್ (ಸ್ಥಳದಲ್ಲೇ ಗಾಯಾಳುಗಳ ವಿಂಗಡಣೆ) ಮಾರ್ಗಸೂಚಿ ಇದೇ ಅಜ್ಜನನ್ನು ಎರಡು ಕಾರಣಕ್ಕೆ ಕೆಂಪು, ಅಂದರೆ ಹೆಚ್ಚು ಅಪಾಯದ, ಗುಂಪಿಗೆ ಹಾಕುತ್ತದೆ: 65 ತುಂಬಿದವರಲ್ಲಿ ಬಿಪಿ 110ಕ್ಕಿಂತ ಕೆಳಗೆ, ಮತ್ತು ಬಿಪಿಗಿಂತ ನಾಡಿ ಹೆಚ್ಚು. ನಂಬುವುದಾದರೆ ಇದನ್ನು. ಹೇಳಿದ ಮಾತು ಪಾಲಿಸದಿದ್ದರೂ ಕೆಂಪೇ. ಪರೀಕ್ಷೆ ಸುಲಭ: "ಅಜ್ಜಾರ, ಎರಡು ಬೆರಳ ತೋರಸ್ರಿ." ರಕ್ತದ ಆಮ್ಲಜನಕ ನೂರಕ್ಕೆ 90ಕ್ಕಿಂತ ಕಡಿಮೆ, ಉಸಿರು 10ಕ್ಕಿಂತ ಕಡಿಮೆ ಅಥವಾ 29ಕ್ಕಿಂತ ಹೆಚ್ಚು, 10ರಿಂದ 64 ವಯಸ್ಸಿನವರಲ್ಲಿ ಬಿಪಿ 90ಕ್ಕಿಂತ ಕಡಿಮೆ, ಇವೂ ಕೆಂಪು. ಇವರೆಲ್ಲ ಹುಬ್ಬಳ್ಳಿಗೆ.

ಎಡವುವುದು ಅಳತೆಯಲ್ಲಿ. ಉಸಿರನ್ನು ಕಣ್ಣಂದಾಜಿನಲ್ಲಿ 20 ಎಂದು ಬರೆಯಬೇಡಿ, 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಗಾಡಿ ಹೊರಡುವ ಮುಂಚೆಯೇ ಬಿಪಿ ನೋಡಿ. ಓಡುವ ಗಾಡಿಯಲ್ಲಿ ಯಂತ್ರ ತಪ್ಪು ತೋರಿಸುತ್ತದೆ. ಕೆಲವು ಬಿಪಿ ಮಾತ್ರೆ ನುಂಗುವವರ ನಾಡಿ ರಕ್ತ ಸೋರಿದರೂ ಏರುವುದಿಲ್ಲ, ಹಾಗಾಗಿ ಮಾತ್ರೆಗಳ ಚೀಲವನ್ನೂ ಜೊತೆಗೆ ತನ್ನಿ. ಕುಡಿದ ವಾಸನೆ ಬಂತೆಂದು ಮಂಪರನ್ನು ಸಾರಾಯಿಯ ಲೆಕ್ಕಕ್ಕೆ ಹಾಕಬೇಡಿ.

ಹತ್ತು ಗಾಯಾಳುಗಳಲ್ಲಿ ಮೂವರು 'ಸುಮ್ಮನೆ' ಹುಬ್ಬಳ್ಳಿ ನೋಡಿ ಬಂದರೂ ನಡೆಯುತ್ತದೆ. ತಪ್ಪಿಹೋಗುವ ಗಂಭೀರ ರೋಗಿಗಳು ನೂರಕ್ಕೆ ಐದನ್ನು ದಾಟಬಾರದು ಎಂಬುದೇ ಈ ಶಾಸ್ತ್ರದ ಅಳತೆಗೋಲು. ಆದರೆ ಉಸಿರುದಾರಿ ನಿಮ್ಮ ಕೈಲಿ ತೆರೆದು ನಿಲ್ಲದಿದ್ದರೆ, ರಕ್ತ ಒತ್ತಿಹಿಡಿದರೂ ನಿಲ್ಲದಿದ್ದರೆ, ಹುಬ್ಬಳ್ಳಿ ಬಿಟ್ಟು ಹತ್ತಿರದ ಆಸ್ಪತ್ರೆಗೇ ನುಗ್ಗಿ.