ಸಾರ್ವಜನಿಕ ಹೂಡಿಕೆ ಮತ್ತು ಆರ್ಥಿಕ ಬೆಳವಣಿಗೆ: ಸರಣಿಗಳ ಸ್ಥಿರತೆಯನ್ನು ಪರೀಕ್ಷಿಸುವುದು ಹೇಗೆ?

ಸರಾಸರಿಯೂ ಏರಿಳಿತದ ಪ್ರಮಾಣವೂ ಕಾಲದೊಂದಿಗೆ ಬದಲಾಗದ ಸರಣಿಯೇ ಸ್ಥಿರ ಸರಣಿ. ಆದರೆ ಹೂಡಿಕೆಯೂ ಜಿಡಿಪಿಯೂ ಸಾಮಾನ್ಯವಾಗಿ ವರ್ಷದಿಂದ ವರ್ಷಕ್ಕೆ ಏರುವ ಸರಣಿಗಳು. ಇಂತಹ ಎರಡರ ನಡುವೆ ನಿಜವಾದ ನಂಟೇ ಇಲ್ಲದಿದ್ದರೂ ರಿಗ್ರೆಷನ್‌ನಲ್ಲಿ ಆರ್-ವರ್ಗ (ಒಂದು ಸರಣಿ ಇನ್ನೊಂದನ್ನು ಎಷ್ಟು ವಿವರಿಸುತ್ತದೆ ಎಂಬ, ಗರಿಷ್ಠ 1ರ ಅಳತೆ) 0.9 ದಾಟಬಹುದು. ಅರ್ಥಶಾಸ್ತ್ರಜ್ಞರಾದ ಗ್ರೇಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲೇ ಈ ಹುಸಿ ಸಂಬಂಧದ ಬಗ್ಗೆ ಎಚ್ಚರಿಸಿದ್ದರು. ಮೊದಲು ಗ್ರಾಫ್ ನೋಡಿ, ನಂತರ ಎಡಿಎಫ್ (ಆಗ್ಮೆಂಟೆಡ್ ಡಿಕಿ-ಫುಲ್ಲರ್) ಎಂಬ ಸ್ಥಿರತೆಯ ಪರೀಕ್ಷೆ ಮಾಡಿ. 'ಯೂನಿಟ್ ರೂಟ್ ಇದೆ', ಅಂದರೆ ಸರಣಿ ಅಸ್ಥಿರ, ಎಂಬುದೇ ಅದರ ಶೂನ್ಯ ಕಲ್ಪನೆ (ಪರೀಕ್ಷೆ ಆರಂಭದಲ್ಲಿ ನಿಜವೆಂದು ಇಟ್ಟುಕೊಳ್ಳುವ ಊಹೆ), ಪಿ-ಮೌಲ್ಯ (ಆ ಊಹೆ ನಿಜವಾಗಿದ್ದರೆ ಇಂತಹ ಫಲಿತಾಂಶ ಬರುವ ಸಂಭವ) 0.40 ಬಂದರೆ ಅದನ್ನು ತಳ್ಳಿಹಾಕಲಾಗದು. ಕೆಪಿಎಸ್ಎಸ್ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಕಲ್ಪನೆ ತಿರುಗುಮುರುಗು ('ಸರಣಿ ಸ್ಥಿರ'), ಆದ್ದರಿಂದ ಎರಡನ್ನೂ ಮಾಡಿ ಎಂದೇ ನಾನು ಒತ್ತಾಯಿಸುತ್ತೇನೆ. ಅದರಲ್ಲೂ ಮೂವತ್ತು ವರ್ಷಗಳ ದತ್ತಾಂಶವಷ್ಟೇ ಇದ್ದರೆ ಎಡಿಎಫ್‌ನ ಪತ್ತೆಶಕ್ತಿ ಕಡಿಮೆ. ನೀತಿ ಬದಲಾಗಿ ಹೂಡಿಕೆ ಒಮ್ಮೆಲೇ ಜಿಗಿದಿದ್ದರೆ ಸ್ಥಿರ ಸರಣಿಯೂ ಅಸ್ಥಿರವಾಗಿ ಕಾಣುತ್ತದೆ. ಎರಡೂ ಸರಣಿಗಳು ಮೊದಲ ವ್ಯತ್ಯಾಸದಲ್ಲಿ (ಪ್ರತಿ ವರ್ಷದ ಮೌಲ್ಯದಿಂದ ಹಿಂದಿನ ವರ್ಷದ್ದನ್ನು ಕಳೆದಾಗ) ಸ್ಥಿರವಾದರೆ, ಮುಂದೆ ಕೋಇಂಟಿಗ್ರೇಷನ್, ಅಂದರೆ ಅವು ದೀರ್ಘಾವಧಿಯಲ್ಲಿ ಒಟ್ಟಿಗೆ ಸಾಗುತ್ತವೆಯೇ ಎಂಬುದನ್ನು, ಪರೀಕ್ಷಿಸಿ. ಬರೀ ವ್ಯತ್ಯಾಸಗಳನ್ನು ಬಳಸಿದರೆ ದೀರ್ಘಾವಧಿಯ ಸಂಬಂಧವೇ ಕೈತಪ್ಪಬಹುದು.