ಪೇಪರ್ ಕಪ್ ನನಗೊಬ್ಬಳಿಗಾ ಮೇಡಂ?

ಗುರುತು ಸಿಗಬಾರದು ಅಂತ ವಯಸ್ಸು, ಊರು, ಕೆಲಸ ಎಲ್ಲ ಸ್ವಲ್ಪ ಬದಲಿಸಿದ್ದೇನೆ. ಆಕೆ ಕೇಳಿದ ಒಂದು ಪ್ರಶ್ನೆಯನ್ನು ಮಾತ್ರ ಇದ್ದ ಹಾಗೇ ಬರೆಯುತ್ತಿದ್ದೇನೆ.

ಆಕೆಗೆ 26 ವರ್ಷ. ಜಗಳೂರು ಕಡೆಯ ಹಳ್ಳಿಯವಳು. ದಾವಣಗೆರೆಯ ಒಂದು ಕಚೇರಿಯಲ್ಲಿ ಹೊರಗುತ್ತಿಗೆ ಮೇಲೆ ಡಾಟಾ ಎಂಟ್ರಿ ಕೆಲಸ. ನಿದ್ದೆ ಇಲ್ಲ, ಊಟ ಸೇರಲ್ಲ, ಎದೆ ಹೊಡ್ಕೊಳ್ಳುತ್ತೆ ಅಂತ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದಿದ್ದಳು. ಡಾಕ್ಟರು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದ್ದರು.

ಕಚೇರಿಯಲ್ಲಿ ಮಧ್ಯಾಹ್ನ ಐದಾರು ಹೆಂಗಸರು ಒಟ್ಟಿಗೆ ಊಟಕ್ಕೆ ಕೂರುತ್ತಾರಂತೆ. ಡಬ್ಬಿಗಳು ಮೇಜಿನ ಸುತ್ತ ಓಡಾಡುತ್ತವೆ. ಈಕೆಯ ಡಬ್ಬಿಯ ಪಲ್ಯಕ್ಕೆ ಮಾತ್ರ ಯಾರೂ ಕೈ ಹಾಕಲ್ಲ. ಒಬ್ಬರಿಗೆ ಅವತ್ತು ಸೋಮವಾರ, ಒಬ್ಬರಿಗೆ ಖಾರ ಆಗಲ್ಲ, ಇನ್ನೊಬ್ಬರಿಗೆ ಆಗಲೇ ಹೊಟ್ಟೆ ತುಂಬಿದೆ. ಬಾಡಿಗೆ ಮನೆ ನೋಡಲು ಹೋದರೆ ಎರಡನೇ ಮಾತೇ "ನೀವು ಯಾರ ಪೈಕಿ?" ಅಡ್ವಾನ್ಸ್ ಮಾತಾಡಿ ಬಂದ ಮನೆಗೆ ಮಾರನೇ ದಿನ ಓನರ್ ತಮ್ಮನ ಮಗ ಬಂದುಬಿಡುತ್ತಾನೆ.

ನಾನೇನು ಮಾಡಿದೆ? ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. "ಅವರಿಗೆ ನಿಜವಾಗ್ಲೂ ಖಾರ ಆಗದೇ ಇರಬಹುದು, ಅಲ್ವಾ?" ಅಂದೆ. ಮನಸ್ಸಿಗೆ ಬಂದ ಯೋಚನೆಗೆ ಸಾಕ್ಷಿ ಇದೆಯಾ ನೋಡು, ಬೇರೆ ಕಾರಣ ಇರಬಹುದಾ ಹುಡುಕು ಅಂತ ನಮಗೆ ಕಲಿಸಿರುತ್ತಾರೆ. ಎಷ್ಟೋ ಜನರಿಗೆ ಅದರಿಂದ ಅನುಕೂಲವೂ ಆಗುತ್ತದೆ. ಈಕೆ ತಲೆ ಆಡಿಸಿದಳು. ಮುಂದಿನ ವಾರ ಇನ್ನೂ ಸೊರಗಿ ಬಂದಳು.

ಅದು ಮೂರನೇ ಭೇಟಿ. ಟೀ ತರಿಸಿದೆ. ನನ್ನದು ಮನೆಯಿಂದ ತಂದಿಟ್ಟ ಸ್ಟೀಲ್ ಲೋಟ, ಆಕೆಗೆ ಪೇಪರ್ ಕಪ್. ಆಕೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಳು. ಕೆನೆ ಕಟ್ಟಿತು, ಕುಡಿಯಲಿಲ್ಲ. ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದಳು: "ತಪ್ಪು ತಿಳ್ಕೋಬೇಡಿ. ಪೇಪರ್ ಕಪ್ ಎಲ್ಲರಿಗೂನಾ, ನನಗೊಬ್ಬಳಿಗಾ ಮೇಡಂ?"

ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಸಿಟ್ಟು. ಇಷ್ಟು ಮಾಡಿದರೂ ನನ್ನ ಮೇಲೇ ಅನುಮಾನವಾ ಅನ್ನಿಸಿತು. "ಕೊರೊನಾ ಬಂದಾಗಿನಿಂದ ಎಲ್ಲರಿಗೂ ಇದೇ ಕಣಮ್ಮ, ಕ್ಲೀನ್ ಇರುತ್ತೆ ಅಂತ" ಎಂದು ಕಸದ ಬುಟ್ಟಿ ತೋರಿಸಿದೆ. ದನಿ ಸ್ವಲ್ಪ ಏರಿತ್ತು. ಆಕೆ ನಿಜಕ್ಕೂ ಬಗ್ಗಿ ಬುಟ್ಟಿ ನೋಡಿದಳು. ಒಳಗೆ ನಾಲ್ಕು ಕಪ್ ಬಿದ್ದಿದ್ದವು. ಆಮೇಲೆ ಟೀ ಕುಡಿದಳು.

ಕುಡಿದಾದ ಮೇಲೆ ಊರಿನ ಹೋಟೆಲ್ ವಿಷಯ ಹೇಳಿದಳು. ತಾತನ ಕಾಲದಲ್ಲಿ ಇವರ ಕೇರಿಯವರ ಲೋಟ ಹೊರಗೆ ಗೋಡೆ ಗೂಡಿನಲ್ಲಿ ಇರುತ್ತಿತ್ತು. ಕುಡಿದು, ತಾವೇ ತೊಳೆದು, ಅಲ್ಲೇ ಇಟ್ಟು ಬರಬೇಕು. ಈಗ ಗೂಡು ಇಲ್ಲ. ಇವರಿಗೆ ಪೇಪರ್ ಕಪ್, ಉಳಿದವರಿಗೆ ಗಾಜಿನ ಲೋಟ. "ಕೇಳಿದ್ರೆ ಕ್ಲೀನ್ ಇರ್ಲಿ ಅಂತ ಕೊಡ್ತೀನಿ ಅಂತಾನೆ ಮೇಡಂ. ನೀವೂ ಅದನ್ನೇ ಅಂದ್ರಿ."

"ದಿನಕ್ಕೆ ಎಷ್ಟು ಸಲ ಹೀಗೆ ಬುಟ್ಟಿ ನೋಡ್ತೀರಿ?" ಅಂದೆ.

"ಲೆಕ್ಕ ಇಟ್ಟಿಲ್ಲ. ಅದರಲ್ಲೇ ಸುಸ್ತಾಗಿಬಿಡ್ತೀನಿ."

ಆಕೆಯ ನಿದ್ದೆ ತಿಂದದ್ದು ಇದೇ. ಬೈಗುಳವಾದರೆ ಬೈಗುಳ ಅಂತ ಗೊತ್ತಾಗುತ್ತದೆ. ಗಾಲಿಕುರ್ಚಿಯಲ್ಲಿ ನನ್ನ ಹತ್ತಿರ ಬರುವ ಹುಡುಗನಿಗೆ ಕಚೇರಿಯ ಮೆಟ್ಟಿಲು ಕಣ್ಣೆದುರೇ ಇದೆ, ಇದೆಯೋ ಇಲ್ಲವೋ ಅಂತ ಅವನು ರಾತ್ರಿಯೆಲ್ಲ ಯೋಚಿಸಬೇಕಿಲ್ಲ. ಹೆಸರು ಹೇಳಿದ ಕೂಡಲೇ "ರೂಮ್ ಖಾಲಿ ಇಲ್ಲ" ಅನ್ನಿಸಿಕೊಂಡ ಮುಸ್ಲಿಂ ವಿದ್ಯಾರ್ಥಿಗೆ ಅರ್ಧ ಗೊತ್ತು, ಅರ್ಧ ಅನುಮಾನ. ಈಕೆಯದು ಪೂರ್ತಿ ಅನುಮಾನ. ಪ್ರತಿ ಸಲ "ನನಗಾ, ಎಲ್ಲರಿಗಾ" ಅಂತ ಲೆಕ್ಕ ಹಾಕುವ ಕೆಲಸವನ್ನೂ ತಾರತಮ್ಯ ಅನುಭವಿಸಿದವರ ಮೇಲೇ ಹೊರಿಸಿರುತ್ತೇವೆ. ಎರಡು ವಾರ ನಾನೂ ಎದುರು ಪಕ್ಷದ ವಕೀಲಳ ಹಾಗೆ ಸಾಕ್ಷಿ ಕೇಳಿದ್ದೆ. ಹುಟ್ಟಿದ ಮನೆಯಲ್ಲಿ ಲೋಟ ನೋಡಿ ಕುಡಿಯಬೇಕಾಗಿ ಬರದವಳಿಗೆ ಅದು ಹೊಳೆಯಲೇ ಇಲ್ಲ.

ಅವತ್ತು ಕೊಟ್ಟ ಸಲಹೆ ಜಾಸ್ತಿ ಏನಿಲ್ಲ. ಒಂದು ಸಣ್ಣ ನೋಟ್‌ಬುಕ್ ಇಟ್ಕೊಳ್ಳಿ, ತಾರೀಕು ಹಾಕಿ ಏನಾಯ್ತು, ಯಾರ ಎದುರು ಆಯ್ತು ಅಷ್ಟೇ ಬರೀರಿ ಅಂದೆ. ಅವರ ಮನಸ್ಸಿನಲ್ಲಿ ಏನಿತ್ತು ಅನ್ನುವ ಕಾಲಂ ಬೇಡ, ಅದನ್ನು ಕಂಡುಹಿಡಿಯೋದು ನಿಮ್ಮ ಕೆಲಸ ಅಲ್ಲ. ಊಟಕ್ಕೆ ಆ ಮೇಜಿಗೇ ಹೋಗಬೇಕು ಅಂತಲೂ ಇಲ್ಲ. ಹೋದರೆ ಅದು ಧೈರ್ಯ ಅಲ್ಲ, ಹೋಗದಿದ್ದರೆ ಸೋಲೂ ಅಲ್ಲ.

ಕಾನೂನನ್ನೂ ಹೇಳಿದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಅಳಿಸಿಹಾಕಿದೆ. ಹೋಟೆಲ್‌ನಲ್ಲಿ ಬೇರೆ ಲೋಟ ಇಟ್ಟರೆ 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಇದೆ. ಪರಿಶಿಷ್ಟರನ್ನು ಜಾತಿ ಹಿಡಿದು ಜನರೆದುರು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ. ಆದರೆ ಹೊರಗಿನವರು ಯಾರೂ ಇಲ್ಲದೆ ನಾಲ್ಕು ಗೋಡೆ ಒಳಗೆ ಆದ ಅವಮಾನ ಆ ಕಲಮಿಗೆ ಬರಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಪಲ್ಯ ಮುಟ್ಟದೇ ಇರೋದಕ್ಕೆ ಯಾವ ಕಲಂ ಹಾಕೋಣ? ಅದನ್ನೂ ಮುಚ್ಚಿಡದೆ ಹೇಳಿದೆ. ದೌರ್ಜನ್ಯದ ಸಹಾಯವಾಣಿ 14566, ಕಾನೂನು ಸೇವೆಯ 15100 ಎರಡನ್ನೂ ಬರೆದುಕೊಟ್ಟೆ. ಪರಿಶಿಷ್ಟರಿಗೆ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ ಅನ್ನೋದು ಆಕೆಗೆ ಗೊತ್ತಿರಲಿಲ್ಲ.

"ದೂರು ಕೊಡಿಸಬೇಕಿತ್ತು, ಸುಮ್ನೆ ಬಿಟ್ಟಿರಿ" ಅಂತ ಸಂಘಟನೆಯ ಗೆಳೆಯರೊಬ್ಬರು ನನ್ನ ಮೇಲೆ ರೇಗಿದರು. ಗುತ್ತಿಗೆ ವರ್ಷಕ್ಕೊಮ್ಮೆ ನವೀಕರಣ ಆಗುವ ಹುಡುಗಿ, ಊರಿಗೆ ಪ್ರತಿ ತಿಂಗಳು ದುಡ್ಡು ಕಳಿಸುವವಳು. ಯಾವಾಗ ಸಿಡಿಯಬೇಕು ಅಂತ ನಿರ್ಧರಿಸಬೇಕಾದವಳು ಆಕೆ, ನಾನಲ್ಲ. ಇನ್ನೊಬ್ಬರು "ಎಲ್ಲದಕ್ಕೂ ಜಾತಿ ತರಬೇಡಿ" ಅಂದರು. ಅವರಿಗೆ ಬುಟ್ಟಿಯ ಕಥೆ ಹೇಳಿದೆ. ಅವರು ಮಾತು ಬೆಣ್ಣೆ ದೋಸೆ ಕಡೆ ತಿರುಗಿಸಿದರು.

ಆರು ತಿಂಗಳಾಯಿತು. ಆಕೆಗೆ ನಿಟ್ಟುವಳ್ಳಿಯಲ್ಲಿ ಒಂದು ರೂಮ್ ಸಿಕ್ಕಿದೆ. ನಿದ್ದೆ ಪರವಾಗಿಲ್ಲ. ನಾನು ಆರು ಸ್ಟೀಲ್ ಲೋಟ ತಂದಿಟ್ಟಿದ್ದೇನೆ, ಬಂದವರೇ ಒಂದನ್ನು ಎತ್ತಿಕೊಳ್ಳುತ್ತಾರೆ. ಕಳೆದ ಸಲ ನೋಟ್‌ಬುಕ್ ಎಲ್ಲಿ ಅಂದರೆ, "ಮನೇಲೇ ಮರೆತು ಬಂದೆ ಮೇಡಂ" ಅಂದಳು. ಟೀ ಬಂದಾಗ ಮಾತಾಡುತ್ತಲೇ ಕೈಗೆ ಸಿಕ್ಕ ಲೋಟ ತಗೊಂಡಳು.