ಹತ್ತಿದ್ದನ್ನು ಇಳಿಯೋಕೆ ಬರುತ್ತಾ?

ಪ್ರಶ್ನೆ: ಸರ್, ಐದು ವರ್ಷದಿಂದ ಚಾರಣ ಮಾಡುತ್ತಿದ್ದೇನೆ. ವಾರಕ್ಕೊಮ್ಮೆ ಕ್ಲೈಂಬಿಂಗ್ ಗೋಡೆಯನ್ನೂ ಹತ್ತುತ್ತೇನೆ. ಈಗ ಕೈಕಾಲು ಎರಡನ್ನೂ ಬಳಸಿ ಹತ್ತುವ ಬಂಡೆ ದಾರಿಗಳಿಗೆ, ಅಂದರೆ ಸ್ಕ್ರಾಂಬ್ಲಿಂಗ್‌ಗೆ ಹೋಗುವ ಆಸೆ. "ತರಬೇತಿ ಗಿರಬೇತಿ ಯಾಕೆ, ಒಂದು ಹಗ್ಗ ತಗೊಂಡು ಇಬ್ಬರೇ ಹೋಗೋಣ" ಅನ್ನುತ್ತಾನೆ ಗೆಳೆಯ. ಎರಡು ದಿನದ ತರಬೇತಿಯಲ್ಲಿ ಅಂಥದ್ದೇನು ಕಲಿಸುತ್ತಾರೆ?

ಉತ್ತರ: ಗೋಡೆ ಹತ್ತಿ ಅಭ್ಯಾಸ ಇರುವವರಿಗೆ ಸ್ಕ್ರಾಂಬ್ಲಿಂಗ್‌ನ ಒಂದೊಂದು ಹೆಜ್ಜೆಯೂ ಸುಲಭ ಅನ್ನಿಸುತ್ತದೆ. ತೊಂದರೆ ಇರುವುದೇ ಅಲ್ಲಿ. ಗೋಡೆಯಲ್ಲಿ ಹಿಡಿಗಳ ಬಣ್ಣವೇ ದಾರಿ ತೋರಿಸುತ್ತದೆ. ಬಿದ್ದರೆ ಹಗ್ಗವೋ ಮೆತ್ತೆಯೋ ಇರುತ್ತದೆ. ಬೆಟ್ಟದಲ್ಲಿ ಯಾವ ಕಲ್ಲು ಗಟ್ಟಿ, ಯಾವುದು ಕೈಗೇ ಕಿತ್ತು ಬರುತ್ತದೆ ಅನ್ನುವುದನ್ನು ನೀವೇ ಕಂಡುಕೊಳ್ಳಬೇಕು. ಅದೂ ಬಹಳಷ್ಟು ಕಡೆ ಹಗ್ಗವಿಲ್ಲದೆ.

ಹತ್ತುವುದನ್ನು ನೀವು ಹೇಗೋ ಕಲಿತುಬಿಡುತ್ತೀರಿ. ಒಳ್ಳೆಯ ತರಬೇತುದಾರರು ಮೊದಲ ದಿನವೇ ಇಳಿಸುತ್ತಾರೆ. ಆಳೆತ್ತರದ ಬಂಡೆ ತೋರಿಸಿ, ಹತ್ತಿ ಅದೇ ದಾರಿಯಲ್ಲಿ ವಾಪಸ್ ಬನ್ನಿ ಅನ್ನುತ್ತಾರೆ. ಹತ್ತುವಾಗ ಹಿಡಿಗಳು ಕಣ್ಣೆದುರೇ ಇರುತ್ತವೆ. ಇಳಿಯುವಾಗ ನಿಮ್ಮ ಹೊಟ್ಟೆಯೇ ಪಾದಕ್ಕೆ ಅಡ್ಡ! ಇಳಿಜಾರು ಕಡಿಮೆ ಇದ್ದರೆ ಕಣಿವೆಗೆ ಮುಖ ಮಾಡಿ, ಜಾಸ್ತಿಯಾದರೆ ಪಕ್ಕಕ್ಕೆ ತಿರುಗಿ, ಕಡಿದಾದರೆ ಬಂಡೆಗೆ ಮುಖ ಮಾಡಿ ಇಳಿಯಬೇಕು. ಯಾವಾಗ ತಿರುಗಬೇಕು ಅನ್ನುವುದು ಮೈಗೆ ಹತ್ತಲು ನೂರಾರು ಸಲ ಇಳಿದಿರಬೇಕು.

ನನ್ನ ಆರಂಭದ ದಿನಗಳದ್ದೇ ಒಂದು ಕತೆ. ದಾರಿ ಬಿಟ್ಟು ಒಂದು ಕೊರಕಲಿಗೆ ನುಗ್ಗಿದೆ. ನಾಲ್ಕು ಹೆಜ್ಜೆ ಸಲೀಸಾಗಿ ಹತ್ತಿದೆ. ಐದನೆಯದು ಆಗಲಿಲ್ಲ. ಕೆಳಗೆ ನೋಡಿದರೆ ಆ ನಾಲ್ಕೂ ಆಗುವಂತಿರಲಿಲ್ಲ. ಹಗ್ಗವೇನೋ ಇತ್ತು, ಬ್ಯಾಗಿನ ತಳದಲ್ಲಿ, ಊಟದ ಡಬ್ಬಿಯ ಕೆಳಗೆ. ಅವತ್ತಿನಿಂದ, ಇಳಿಯಲು ಬಾರದ್ದನ್ನು ನಾನು ಹತ್ತುವುದಿಲ್ಲ.

ಎರಡನೆಯ ಪಾಠ, ದಾರಿ ಓದುವುದು. ಜನ ಓಡಾಡಿದ ಬಂಡೆ ನುಣ್ಣಗಾಗಿ ಬಣ್ಣ ಬಿಟ್ಟಿರುತ್ತದೆ. ಕಲ್ಲುಹೂವು ದಟ್ಟವಾಗಿ ಹಬ್ಬಿದ್ದು, ಸಡಿಲ ಕಲ್ಲುಗಳೇ ಜಾಸ್ತಿ ಕಂಡರೆ ನೀವು ದಾರಿ ತಪ್ಪಿರಬಹುದು. ಆದರೆ ಆ ನುಣುಪು ಮಳೆ ಬಿದ್ದಾಗ ಸೋಪಿನಂತೆ ಜಾರುತ್ತದೆ, ಅದನ್ನೂ ನೆನಪಿಡಿ. ಹಿಡಿಯುವ ಮೊದಲು ಕಲ್ಲನ್ನು ಅಂಗೈಯಲ್ಲಿ ತಟ್ಟಿ. ಟೊಳ್ಳು ಸದ್ದು ಬಂದರೆ ಬೇರೆಯದನ್ನು ಹುಡುಕಿ. ಅನುಮಾನ ಇರುವ ಕಲ್ಲನ್ನು ಹೊರಕ್ಕೆ ಎಳೆಯಬೇಡಿ, ಕೆಳಕ್ಕೆ ಒತ್ತಿ. ಎರಡು ಕೈ, ಎರಡು ಕಾಲುಗಳಲ್ಲಿ ಒಂದನ್ನು ಸರಿಸುವಾಗ ಉಳಿದ ಮೂರೂ ಗಟ್ಟಿಯಾಗಿ ಕೂತಿರಬೇಕು.

ಇನ್ನು ನಿಮ್ಮ ಗೆಳೆಯರ ಹಗ್ಗದ ವಿಚಾರ. ಇಬ್ಬರ ನಡುವೆ ಹಗ್ಗ ಕಟ್ಟಿಕೊಂಡು ಅದನ್ನು ಬಂಡೆಗೆ ಎಲ್ಲೂ ಸಿಕ್ಕಿಸದಿದ್ದರೆ, ಒಬ್ಬ ಜಾರಿದಾಗ ಇನ್ನೊಬ್ಬನೂ ಜೊತೆಗೇ ಹೋಗುತ್ತಾನೆ. ಗೈಡ್‌ಗಳು ಚಿಕ್ಕ ಹಗ್ಗದಲ್ಲಿ ಜನರನ್ನು ಕಟ್ಟಿಕೊಂಡು ನಡೆಯುವುದನ್ನು ನೋಡಿರುತ್ತೀರಿ. ಅದು ವರ್ಷಗಟ್ಟಲೆ ಕಲಿತ ವಿದ್ಯೆ, ಎರಡು ದಿನದ್ದಲ್ಲ. ಎರಡು ದಿನದಲ್ಲಿ ಕಲಿಯಬಹುದಾದದ್ದು ಇಷ್ಟು: ಬೆಟ್ಟಕ್ಕೇ ಅಂಟಿದ ಗಟ್ಟಿ ಬಂಡೆಮೂಲೆಯನ್ನು ಆರಿಸುವುದು, ಅದನ್ನು ಒದ್ದು ನೋಡಿ ಸ್ಲಿಂಗ್, ಅಂದರೆ ಗಟ್ಟಿ ಪಟ್ಟಿಯ ಕುಣಿಕೆ, ಸುತ್ತುವುದು, ಇಟಾಲಿಯನ್ ಹಿಚ್ ಗಂಟು ಹಾಕಿ ಹಗ್ಗ ಬಿಗಿಯಾಗಿಟ್ಟು ಕೆಳಗಿರುವ ಗೆಳೆಯನನ್ನು ಮೇಲಕ್ಕೆ ಕರೆದುಕೊಳ್ಳುವುದು. ಅದರ ಜೊತೆಗೆ ಫಿಗರ್ ಆಫ್ ಎಯ್ಟ್, ಕ್ಲೋವ್ ಹಿಚ್ ಎಂಬ ಎರಡು ಗಂಟು ಬಂದರೆ ಶುರುವಿಗೆ ಸಾಕು. ಹಗ್ಗ 30 ಮೀಟರ್ ಇದ್ದರೆ ಚಿಕ್ಕಪುಟ್ಟ ಕಡಿದಾದ ಜಾಗಗಳಿಗೆ ನಡೆಯುತ್ತದೆ. 120 ಮತ್ತು 240 ಸೆಂಟಿಮೀಟರಿನ ಸ್ಲಿಂಗ್‌ಗಳು ಜಾಸ್ತಿ ಬಳಕೆಗೆ ಬರುತ್ತವೆ. ಗಂಟುಗಳನ್ನು ಮನೆಯಲ್ಲೇ ಕಣ್ಣು ಮುಚ್ಚಿ ಹಾಕುವಷ್ಟು ರೂಢಿ ಮಾಡಿಕೊಂಡು ಹೋಗಿ. ತರಬೇತುದಾರರ ಸಮಯ ಗಂಟಿಗೆ ಖರ್ಚಾಗುವುದು ದಂಡ ಅಲ್ವಾ?

ಪ್ರಶ್ನೆ: ದಾರಿ ಎಷ್ಟು ಕಷ್ಟ ಅನ್ನುವುದಕ್ಕೆ ಒಂದು ಕಡೆ "ಗ್ರೇಡ್ 1", ಇನ್ನೊಂದು ಕಡೆ "ಕ್ಲಾಸ್ 3" ಎಂದು ಬರೆದಿರುತ್ತಾರೆ. ಎರಡೂ ಒಂದೇನಾ? ತರಬೇತುದಾರರನ್ನು ಆರಿಸುವುದು ಹೇಗೆ?

ಉತ್ತರ: ಒಂದೇ ಅಲ್ಲ. ಬ್ರಿಟನ್ನಿನಲ್ಲಿ ಸ್ಕ್ರಾಂಬ್ಲಿಂಗ್‌ಗೆ 1ರಿಂದ 3ರವರೆಗೆ ಗ್ರೇಡ್ ಇದೆ. ಅಮೆರಿಕದ ಯೊಸೆಮಿಟಿ ಪದ್ಧತಿಯಲ್ಲಿ ಕ್ಲಾಸ್ 3 ಅಂದರೆ ಕೈ ಬೇಕು, ಕ್ಲಾಸ್ 4 ಅಂದರೆ ಬಿದ್ದರೆ ಜೀವಕ್ಕೇ ಅಪಾಯ, ಕ್ಲಾಸ್ 5ರಿಂದ ಪೂರ್ತಿ ಕ್ಲೈಂಬಿಂಗ್. ಬ್ರಿಟನ್ನಿನ ಗ್ರೇಡ್‌ಗಳನ್ನು ಕೊಟ್ಟಿರುವುದು ಒಣಗಿದ ಬಂಡೆಗೆ. ಮಳೆ ಬಂದರೆ ಗ್ರೇಡ್ 1 ಕೂಡ ಬೇರೆಯೇ ಆಗಿಬಿಡುತ್ತದೆ.

ಸರ್ಟಿಫಿಕೇಟ್ ಇದೆ ಅಂದರಷ್ಟೇ ಸಾಲದು, ಯಾವುದಕ್ಕೆ ಇದೆ ಎಂದು ಕೇಳಿ. ಬ್ರಿಟನ್ನಿನ ಉದಾಹರಣೆಯನ್ನೇ ನೋಡಿ. ಅಲ್ಲಿನ ಮೌಂಟನ್ ಲೀಡರ್ ಅರ್ಹತೆ ನಡಿಗೆಗೆ. ಅವರು ತುರ್ತಿಗೆ ಹಗ್ಗ ತೆಗೆಯಬಹುದು, ಆದರೆ ಹಗ್ಗ ಬೇಕೇ ಬೇಕು ಅನ್ನುವ ದಾರಿಗೆ ಕರೆದೊಯ್ಯುವುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಮೌಂಟೇನಿಯರಿಂಗ್ ಅಂಡ್ ಕ್ಲೈಂಬಿಂಗ್ ಇನ್‌ಸ್ಟ್ರಕ್ಟರ್ ಎಂಬ ಬೇರೆಯೇ ಅರ್ಹತೆ ಇದೆ.

ಆಮೇಲೆ ಎರಡು ಪ್ರಶ್ನೆ ಕೇಳಿ. ಒಬ್ಬರಿಗೆ ಎಷ್ಟು ಜನ ಕಲಿಯುವವರು? ಹಗ್ಗದ ದಾರಿಯಲ್ಲಿ ಇಬ್ಬರಿಗಿಂತ ಜಾಸ್ತಿ ಇದ್ದರೆ ನಾನಾದರೆ ಹಿಂಜರಿಯುತ್ತೇನೆ. ನಮ್ಮನ್ನು ಮುಂದೆ ಬಿಡುತ್ತೀರಾ? ಸುಮ್ನೆ ಅವರ ಹಿಂದೆ ನಡೆದರೆ ಅದು ಒಳ್ಳೆಯ ಪ್ರವಾಸ, ಪಾಠವಲ್ಲ.

ಪ್ರಶ್ನೆ: ಸೈಕಲ್ ಹೆಲ್ಮೆಟ್ ಇದೆ, ಅದು ಸಾಕಾ?

ಉತ್ತರ: ಸಾಲದು. ಬೆಟ್ಟದಲ್ಲಿ ಹೊಡೆತ ಬರುವುದು ಮೇಲಿಂದಲೂ ಹೌದು, ಕಲ್ಲಿನ ರೂಪದಲ್ಲಿ. ಇಎನ್ 12492 ಎಂದು ಬರೆದಿರುವ ಹೆಲ್ಮೆಟ್ ಕೊಳ್ಳಿ, ಅದು ಪರ್ವತಾರೋಹಣಕ್ಕೆಂದೇ ಇರುವ ಮಾನದಂಡ. ಅಥವಾ ತರಬೇತುದಾರರನ್ನೇ ಕೇಳಿ, ಎಷ್ಟೋ ಜನ ಎರವಲು ಕೊಡುತ್ತಾರೆ.